ಸಿಂಗಾಪುರದ ಮಳೆಕಾಡಿನ ಕಾಲುದಾರಿಗಳು

ಸಿಂಗಾಪುರದ ಮಳೆಕಾಡಿನ ಕಾಲುದಾರಿಗಳು ಎಂದರೆ ಆ ದ್ವೀಪರಾಷ್ಟ್ರದ ನಡುಭಾಗದಲ್ಲಿ ಉಳಿದಿರುವ ಉಷ್ಣವಲಯದ ಮಳೆಕಾಡಿನೊಳಗೆ ಚಾರಣಿಗರಿಗೂ ಓಟಗಾರರಿಗೂ ತೆರೆದಿರುವ ದಾರಿಗಳ ಜಾಲ. ಇವುಗಳಲ್ಲಿ ಹೆಚ್ಚಿನವು ಬುಕಿತ್ ತಿಮಾ ನಿಸರ್ಗ ಮೀಸಲು ಪ್ರದೇಶ ಮತ್ತು ಕೇಂದ್ರ ಜಲಾನಯನ ನಿಸರ್ಗ ಮೀಸಲು ಪ್ರದೇಶಗಳಲ್ಲಿಯೂ ಅವುಗಳ ಅಂಚಿನ ನಿಸರ್ಗ ಉದ್ಯಾನಗಳಲ್ಲಿಯೂ ಇವೆ. ದಟ್ಟ ಜನವಸತಿಯ ಮಹಾನಗರವೊಂದರ ನಿವಾಸಿಗಳು ಬಸ್ಸಿನಿಂದ ಇಳಿದು ಕೆಲವೇ ನಿಮಿಷಗಳಲ್ಲಿ ಮಳೆಕಾಡನ್ನು ಪ್ರವೇಶಿಸಬಹುದಾದ ಅಪರೂಪದ ಸ್ಥಳಗಳಲ್ಲಿ ಇದು ಒಂದು. ಈ ಸೌಲಭ್ಯವೇ ಇಲ್ಲಿನ ಮುಖ್ಯ ಸಮಸ್ಯೆಯ ಮೂಲವೂ ಹೌದು. ಕಾಡು ಚಿಕ್ಕದು, ನಡೆಯುವ ಕಾಲುಗಳು ಬಹಳ. ಆದ್ದರಿಂದ ದಾರಿಗಳನ್ನು ಎಲ್ಲಿ ಹಾಯಿಸಬೇಕು, ಎಷ್ಟು ಅಗಲ ಇಡಬೇಕು, ಯಾವಾಗ ಮುಚ್ಚಬೇಕು ಎಂಬ ಪ್ರಶ್ನೆಗಳು ಕಾಡಿನ ಉಳಿವಿನ ಪ್ರಶ್ನೆಗಳೇ ಆಗಿವೆ.

ಭೌಗೋಳಿಕ ಹಿನ್ನೆಲೆ

ಸಿಂಗಾಪುರವು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 137 ಕಿ.ಮೀ. ದೂರದಲ್ಲಿದೆ. ಇಲ್ಲಿ ಬೇಸಿಗೆ, ಚಳಿಗಾಲಗಳೆಂಬ ಸ್ಪಷ್ಟ ಭೇದವಿಲ್ಲ. ವಾರ್ಷಿಕ ಸರಾಸರಿ ಮಳೆ 2,100 ಮಿ.ಮೀ.ಗೂ ಹೆಚ್ಚು. ಡಿಸೆಂಬರಿನಿಂದ ಮಾರ್ಚ್ ಆರಂಭದವರೆಗೆ ಈಶಾನ್ಯ ಮಾರುತಗಳೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತಗಳೂ ಬೀಸುತ್ತವೆ. ಇವೆರಡರ ನಡುವಣ ತಿಂಗಳುಗಳಲ್ಲಿ ಮಧ್ಯಾಹ್ನದ ವೇಳೆ ಗುಡುಗು ಸಿಡಿಲುಗಳೊಡನೆ ಮಳೆ ಸುರಿಯುವುದು ಸಾಮಾನ್ಯ. ಮಳೆ ಪೂರ್ತಿಯಾಗಿ ನಿಲ್ಲುವ ತಿಂಗಳೇ ಇಲ್ಲವಾದ್ದರಿಂದ ಕಾಡು ವರ್ಷವಿಡೀ ಹಸಿರಾಗಿರುತ್ತದೆ. ಕಾಲುದಾರಿಗಳೂ ವರ್ಷವಿಡೀ ತೇವವಾಗಿರುತ್ತವೆ.

ಬುಕಿತ್ ತಿಮಾ ಈ ದೇಶದ ಅತಿ ಎತ್ತರದ ಬೆಟ್ಟ. ಅದರ ಎತ್ತರ 163.63 ಮೀಟರ್ ಮಾತ್ರ. ಮಲಯ ಭಾಷೆಯಲ್ಲಿ 'ಬುಕಿತ್' ಎಂದರೆ ಬೆಟ್ಟ, 'ತಿಮಾ' ಎಂದರೆ ತವರ. ಆದರೆ ಬೆಟ್ಟ ಗ್ರಾನೈಟ್ ಶಿಲೆಯದು. ಅದರ ಬದಿಗಳಲ್ಲಿ ಹಿಂದೆ ಗ್ರಾನೈಟ್ ಗಣಿಗಳಿದ್ದವು. ಈ ಬೆಟ್ಟದ ಮೀಸಲು ಪ್ರದೇಶದ ವಿಸ್ತಾರ ಸುಮಾರು 163 ಹೆಕ್ಟೇರ್. ಇದರ ಪೂರ್ವಕ್ಕಿರುವ ಕೇಂದ್ರ ಜಲಾನಯನ ಮೀಸಲು ಪ್ರದೇಶ 2,000 ಹೆಕ್ಟೇರಿಗೂ ಹೆಚ್ಚು ವಿಸ್ತಾರವಾಗಿದ್ದು, ಮ್ಯಾಕ್‌ರಿಚಿ, ಕೆಳ ಪಿಯರ್ಸ್, ಮೇಲಣ ಪಿಯರ್ಸ್ ಮತ್ತು ಮೇಲಣ ಸೆಲೆತಾರ್ ಎಂಬ ನಾಲ್ಕು ಜಲಾಶಯಗಳನ್ನು ಸುತ್ತುವರಿದಿದೆ.

ಇತಿಹಾಸ

1819ರಲ್ಲಿ ಬ್ರಿಟಿಷರು ನೆಲೆಯೂರುವ ಮೊದಲು ದ್ವೀಪದ ಬಹುಭಾಗ ಕಾಡಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಕರಿಮೆಣಸು ಮತ್ತು ಗ್ಯಾಂಬಿಯರ್ ತೋಟಗಳಿಗಾಗಿ ಕಾಡನ್ನು ಕಡಿಯಲಾಯಿತು. ಗ್ಯಾಂಬಿಯರ್ ಎಂಬುದು ಚರ್ಮ ಹದಮಾಡಲು ಬಳಸುವ ಸತ್ವವನ್ನು ಕೊಡುವ ಗಿಡ. ಅದರ ಎಲೆಗಳನ್ನು ಕುದಿಸಿ ಸತ್ವ ತೆಗೆಯಲು ಅಪಾರ ಸೌದೆ ಬೇಕಾಗುತ್ತಿತ್ತು. ಆದ್ದರಿಂದ ತೋಟಕ್ಕಾಗಿ ಕಡಿದ ಕಾಡಿನ ಜೊತೆಗೆ ಸೌದೆಗಾಗಿ ಸುತ್ತಲಿನ ಕಾಡೂ ಬರಿದಾಯಿತು. ಕೆಲವು ವರ್ಷಗಳಲ್ಲಿ ಮಣ್ಣಿನ ಸಾರ ಮುಗಿದೊಡನೆ ಬೆಳೆಗಾರರು ಆ ನೆಲವನ್ನು ಬಿಟ್ಟು ಮುಂದೆ ಸಾಗುತ್ತಿದ್ದರು. ಇಂದು ದ್ವೀಪದ ಮೂಲ ಕಾಡಿನ ಶೇಕಡ 95ಕ್ಕೂ ಹೆಚ್ಚು ಭಾಗ ನಾಶವಾಗಿದೆಯೆಂದು ಅಂದಾಜು ಮಾಡಲಾಗಿದೆ. ಮ್ಯಾಕ್‌ರಿಚಿಯ ದಾರಿಗಳ ಬದಿಯಲ್ಲಿ ಈಗ ಕಾಣುವ ಕಾಡಿನ ಬಹುಭಾಗ ಹೀಗೆ ಬಿಟ್ಟುಹೋದ ನೆಲದಲ್ಲಿ ಮರಳಿ ಬೆಳೆದದ್ದು. ಅದರ ನಡುವೆ ಹಳೆಯ ತೋಟಗಳ ರಬ್ಬರ್ ಮರಗಳೂ ಕಾಣಸಿಗುತ್ತವೆ.

ನಿಸರ್ಗವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್ 1854ರಲ್ಲಿ ಬುಕಿತ್ ತಿಮಾದಲ್ಲಿ ತಂಗಿ ಕೀಟಗಳನ್ನು ಸಂಗ್ರಹಿಸಿದನು. ಸುಮಾರು ಎರಡು ತಿಂಗಳಲ್ಲಿ ತನಗೆ 700 ಬಗೆಯ ಜೀರುಂಡೆಗಳು ದೊರೆತುವೆಂದು ಅವನು ದಾಖಲಿಸಿದ್ದಾನೆ. ಮರ ಕಡಿಯುವವರ ದಾರಿಗಳಲ್ಲಿ ಬಿದ್ದಿದ್ದ ಕೊರಡು, ತೊಗಟೆಗಳೇ ಅವನ ಸಂಗ್ರಹದ ತಾಣಗಳಾಗಿದ್ದವು. ಆ ಕಾಲದಲ್ಲಿ ಈ ಕಾಡಿನಲ್ಲಿ ಹುಲಿಗಳಿದ್ದವು. ಅವನ್ನು ಹಿಡಿಯಲು ತೋಡಿದ ಗುಂಡಿಗಳೂ ಇದ್ದವು.

ಇಷ್ಟು ಕಾಡಾದರೂ ಉಳಿಯಲು ಎರಡು ಕಾರಣಗಳಿವೆ. ಮೊದಲನೆಯದು, 1880ರ ದಶಕದಲ್ಲಿ ಬುಕಿತ್ ತಿಮಾವನ್ನು ಮೀಸಲು ಅರಣ್ಯವನ್ನಾಗಿ ಮಾಡಿದ್ದು. ಎರಡನೆಯದು ಕುಡಿಯುವ ನೀರು. ದ್ವೀಪದ ಅತ್ಯಂತ ಹಳೆಯ ಜಲಾಶಯದ ನಿರ್ಮಾಣ 1868ರಲ್ಲಿ ಮುಗಿಯಿತು. 1922ರಲ್ಲಿ ಅದಕ್ಕೆ ಪುರಸಭೆಯ ಎಂಜಿನಿಯರ್ ಆಗಿದ್ದ ಜೇಮ್ಸ್ ಮ್ಯಾಕ್‌ರಿಚಿಯ ಹೆಸರನ್ನು ಇಡಲಾಯಿತು. ನೀರು ಶುದ್ಧವಾಗಿರಬೇಕಾದರೆ ಸುತ್ತಲ ಕಾಡು ಉಳಿಯಬೇಕೆಂಬ ಲೆಕ್ಕಾಚಾರ ಜಲಾನಯನ ಪ್ರದೇಶವನ್ನು ರಕ್ಷಿಸಿತು. 1942ರ ಫೆಬ್ರವರಿಯಲ್ಲಿ ಬುಕಿತ್ ತಿಮಾದ ಸುತ್ತಮುತ್ತ ಜಪಾನೀಯರಿಗೂ ಮಿತ್ರಪಡೆಗಳಿಗೂ ಘೋರ ಕಾಳಗ ನಡೆಯಿತು. ಆಕ್ರಮಣದ ವರ್ಷಗಳಲ್ಲಿ ಜಪಾನೀಯರು ಮ್ಯಾಕ್‌ರಿಚಿಯ ಕಾಡಿನೊಳಗೆ 'ಶೋನಾನ್ ಜಿಂಜಾ' ಎಂಬ ದೇಗುಲವನ್ನು ಯುದ್ಧಕೈದಿಗಳ ದುಡಿಮೆಯಿಂದ ಕಟ್ಟಿಸಿ, 1945ರ ಸೋಲಿನ ವೇಳೆಗೆ ತಾವೇ ನಾಶಪಡಿಸಿದರು. ಅದರ ಅವಶೇಷಗಳು ಅಧಿಕೃತ ದಾರಿಗಳಿಂದ ದೂರದಲ್ಲಿವೆ.

ಪ್ರಮುಖ ದಾರಿಗಳು

ಬುಕಿತ್ ತಿಮಾ ಶಿಖರದಾರಿ: ಸಂದರ್ಶಕರ ಕೇಂದ್ರದಿಂದ ನೆತ್ತಿಗೆ ಹೋಗುವ ಕಡಿದಾದ ಡಾಂಬರು ದಾರಿ. ಇದರಿಂದ ಕವಲೊಡೆಯುವ ಮಣ್ಣಿನ ದಾರಿಗಳೂ ಮೆಟ್ಟಿಲುಗಳೂ ಹಳೆಯ ಕಾಡಿನ ಮೂಲಕ ಹಾಯುತ್ತವೆ. ಎತ್ತರ ಕಡಿಮೆಯಾದರೂ ಏರು ತೀವ್ರವಾದ್ದರಿಂದ ಬೆಟ್ಟದ ಓಟವನ್ನು ಅಭ್ಯಾಸ ಮಾಡುವವರು ಇಲ್ಲಿಗೆ ಬರುತ್ತಾರೆ. ಮೀಸಲು ಪ್ರದೇಶದ ಅಂಚಿನಲ್ಲಿ ಸುಮಾರು 6 ಕಿ.ಮೀ. ಉದ್ದದ ಪ್ರತ್ಯೇಕ ಬೈಸಿಕಲ್ ದಾರಿಯಿದೆ.

ಮ್ಯಾಕ್‌ರಿಚಿ ಸುತ್ತುದಾರಿ: ಜಲಾಶಯವನ್ನು ಬಳಸಿ ಬರುವ ಸುಮಾರು 10ರಿಂದ 11 ಕಿ.ಮೀ. ಉದ್ದದ ದಾರಿ. ಜಲ್ಲಿ, ಮಣ್ಣು, ಬೇರು, ಹಲಗೆ ಎಲ್ಲವೂ ಇದರಲ್ಲಿ ಒಂದಾದ ಮೇಲೊಂದು ಬರುತ್ತವೆ. ಸಿಂಗಾಪುರದ ದೂರ ಓಟಗಾರರ ಅಚ್ಚುಮೆಚ್ಚಿನ ದಾರಿಗಳಲ್ಲಿ ಇದು ಒಂದು. ಶಾಲಾ ಮಕ್ಕಳ ಕ್ರಾಸ್‌ಕಂಟ್ರಿ ಸ್ಪರ್ಧೆಗಳೂ ಬಹುಕಾಲ ಮ್ಯಾಕ್‌ರಿಚಿಯಲ್ಲಿ ನಡೆದಿವೆ.

ಟ್ರೀಟಾಪ್ ವಾಕ್: ಬುಕಿತ್ ಪಿಯರ್ಸ್ ಮತ್ತು ಬುಕಿತ್ ಕಲಾಂಗ್ ಎಂಬ ಎರಡು ದಿಬ್ಬಗಳನ್ನು ಜೋಡಿಸುವ 250 ಮೀಟರ್ ಉದ್ದದ ತೂಗುಸೇತುವೆ. 2004ರಲ್ಲಿ ತೆರೆದ ಈ ಸೇತುವೆ ಅತಿ ಎತ್ತರದ ಜಾಗದಲ್ಲಿ ಕಾಡಿನ ನೆಲದಿಂದ ಸುಮಾರು 25 ಮೀಟರ್ ಮೇಲಿದೆ. ಮರಗಳ ನೆತ್ತಿಯ ಮಟ್ಟದಲ್ಲಿ ಬದುಕುವ ಜೀವಿಗಳ ಅಧ್ಯಯನಕ್ಕೂ ಇದು ನೆರವಾಗಿದೆ. ಸೇತುವೆ ಕಿರಿದಾಗಿದ್ದು ಒಂದೇ ದಿಕ್ಕಿನ ಸಂಚಾರಕ್ಕೆ ಮೀಸಲಾಗಿದೆ, ಓಟಕ್ಕೆ ತಕ್ಕುದಲ್ಲ.

ಹಲಗೆದಾರಿಗಳು: ಜಲಾಶಯದ ದಡದಲ್ಲಿ ನೆಲದಿಂದ ತುಸು ಮೇಲೆ ಹಲಗೆ ಹಾಸಿ ಮಾಡಿದ ನಡೆಹಾದಿಗಳು. ಚೆಂಪೆರೈ, ಜೆರಿಂಗ್, ಪೆಟೈ, ಪೆಟಾಲಿಂಗ್ ಮುಂತಾದ ಇವುಗಳ ಹೆಸರುಗಳು ಕಾಡಿನ ಮರಗಳಿಂದ ಬಂದವು. ದಾರಿಯಲ್ಲಿ ಸಿಗುವ ವೀಕ್ಷಣಾ ಗೋಪುರಕ್ಕೂ 'ಜೆಲುತೋಂಗ್' ಎಂಬ ಮರದ ಹೆಸರಿದೆ. ಅದರ ಹಾಲಿನಿಂದ ಹಿಂದೆ ಚ್ಯೂಯಿಂಗ್ ಗಮ್ ತಯಾರಿಸುತ್ತಿದ್ದರು.

ಕಾಡಿನ ರಚನೆ ಮತ್ತು ಜೀವಿಗಳು

ಬುಕಿತ್ ತಿಮಾದ ಹಳೆಯ ಕಾಡಿನಲ್ಲಿ ಡಿಪ್ಟೆರೋಕಾರ್ಪ್ ಕುಟುಂಬದ ಎತ್ತರದ ಮರಗಳು ಪ್ರಧಾನ. ಪಶ್ಚಿಮಘಟ್ಟಗಳ ಸಾಲುಧೂಪದ ಮರವೂ ಇದೇ ಕುಟುಂಬಕ್ಕೆ ಸೇರಿದೆ. ಇಲ್ಲಿನ ಸೆರಾಯಾ ಮರಗಳು ಪ್ರತಿವರ್ಷ ಹೂ ಬಿಡುವುದಿಲ್ಲ. ಹಲವು ವರ್ಷಗಳಿಗೊಮ್ಮೆ ಒಟ್ಟಾಗಿ ಹೂತು, ರೆಕ್ಕೆಗಳಿರುವ ಕಾಯಿಗಳನ್ನು ಉದುರಿಸುತ್ತವೆ. ಆ ಕಾಯಿಗಳು ಗಾಳಿಯಲ್ಲಿ ಗಿರಗಿರನೆ ತಿರುಗಿ ತಾಯಿಮರದಿಂದ ಹೆಚ್ಚು ದೂರ ಹೋಗದೆ ಬೀಳುತ್ತವೆ. ಹೀಗಾಗಿ ದಾರಿಯ ಬದಿಯ ಒಂದಡಿ ನೆಲವೂ ಮುಂದಿನ ತಲೆಮಾರಿನ ಮರಕ್ಕೆ ಮೊಳಕೆಯ ಜಾಗವಾಗಿರಬಹುದು.

ಉದ್ದ ಬಾಲದ ಮಕಾಕ್ ಕೋತಿಗಳು ಚಾರಣಿಗರಿಗೆ ಹೆಚ್ಚಾಗಿ ಕಾಣುವ ಪ್ರಾಣಿಗಳು. ಮರದಿಂದ ಮರಕ್ಕೆ ತೇಲಿಹೋಗುವ ಕೊಲುಗೊ, ರಾತ್ರಿ ಸಂಚರಿಸುವ ಸುಂಡಾ ಚಿಪ್ಪುಹಂದಿ, ರ‍್ಯಾಫಲ್ಸ್ ಪಟ್ಟೆ ಲಂಗೂರ್ ಮೊದಲಾದವೂ ಈ ಕಾಡುಗಳಲ್ಲಿವೆ. ಚಿಪ್ಪುಹಂದಿ ಮತ್ತು ಪಟ್ಟೆ ಲಂಗೂರ್‌ಗಳು ಅಳಿವಿನ ತೀವ್ರ ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಯಲ್ಲಿವೆ. ಬುಕಿತ್ ತಿಮಾದಲ್ಲಿ ಉಳಿದಿದ್ದ ಕೊನೆಯ ಪಟ್ಟೆ ಲಂಗೂರ್ 1987ರಲ್ಲಿ ನಾಯಿಗಳ ದಾಳಿಗೆ ಬಲಿಯಾಯಿತು. ಈಗ ಈ ಕೋತಿಗಳು ಕೇಂದ್ರ ಜಲಾನಯನ ಪ್ರದೇಶದಲ್ಲಿ ಮತ್ತು ಅದರ ಅಂಚಿನಲ್ಲಿ ಮಾತ್ರ ಇವೆ. ಅವುಗಳ ಸಂಖ್ಯೆ ನೂರನ್ನೂ ಮುಟ್ಟುವುದಿಲ್ಲ.

ಬುಕಿತ್ ತಿಮಾದ ತೊರೆಗಳಲ್ಲಿ ಸಿಂಗಾಪುರದ ಹೊರತು ಜಗತ್ತಿನ ಬೇರೆಲ್ಲಿಯೂ ಇಲ್ಲದ ಒಂದು ಸಿಹಿನೀರಿನ ಏಡಿ ವಾಸಿಸುತ್ತದೆ. ಇದರ ವೈಜ್ಞಾನಿಕ ಹೆಸರು ಜೋಹೋರಾ ಸಿಂಗಪೊರೆನ್ಸಿಸ್. 1986ರಲ್ಲಿ ವಿಜ್ಞಾನಿಗಳು ಮೊದಲ ಬಾರಿ ವಿವರಿಸಿದ ಈ ಏಡಿಯ ಅಗಲ ಸುಮಾರು 3 ಸೆಂ.ಮೀ. ಮಾತ್ರ. 2012ರಲ್ಲಿ ಪ್ರಕಟವಾದ, ಜಗತ್ತಿನ ಅತ್ಯಂತ ಅಪಾಯದಲ್ಲಿರುವ 100 ಜೀವಿಗಳ ಪಟ್ಟಿಯಲ್ಲಿ ಇದಕ್ಕೂ ಸ್ಥಾನ ದೊರಕಿತು. ತಿಳಿಯಾಗಿ ಹರಿಯುವ ಕಿರುತೊರೆಗಳೇ ಇದರ ನೆಲೆ. ಬೆಟ್ಟದ ಇಳಿಜಾರಿನಿಂದ ಕೊಚ್ಚಿಬರುವ ಮಣ್ಣು ಇಂಥ ತೊರೆಗಳನ್ನು ಸೇರುವುದು ಈ ಜೀವಿಗೆ ಒಳಿತಲ್ಲ.

ಕಾಲುದಾರಿ ಸವೆಯುವ ಬಗೆ

ಮಳೆಕಾಡು ನೋಡಲು ಸಮೃದ್ಧವಾಗಿದ್ದರೂ ಅದರ ಮಣ್ಣು ಸಾಮಾನ್ಯವಾಗಿ ಬಡವಾದದ್ದು. ಶಾಖ ಮತ್ತು ತೇವಗಳಿಂದ ತರಗೆಲೆಗಳು ಬೇಗನೆ ಕೊಳೆಯುತ್ತವೆ. ಕೊಳೆತೊಡನೆ ಅವುಗಳ ಪೋಷಕಾಂಶಗಳನ್ನು ಬೇರುಗಳು ಹೀರಿಕೊಳ್ಳುತ್ತವೆ. ಪೋಷಕಾಂಶಗಳ ಹೆಚ್ಚಿನ ಪಾಲು ಮರಗಳಲ್ಲಿಯೇ ಇರುತ್ತದೆ. ಉಳಿದದ್ದು ನೆಲದ ಮೇಲಣ ತೆಳು ಪದರದಲ್ಲಿ. ಈ ಕಾರಣದಿಂದ ಬೇರುಗಳು ಆಳಕ್ಕೆ ಇಳಿಯುವುದಕ್ಕಿಂತ ಮೇಲ್ಮೈಯಲ್ಲಿ ಹರಡಿಕೊಳ್ಳುತ್ತವೆ. ಅನೇಕ ದೊಡ್ಡ ಮರಗಳ ಬುಡದಲ್ಲಿ ಹಲಗೆಯಂತೆ ಚಾಚಿ, ಮರಕ್ಕೆ ಆನಿಕೆಯಾಗಿ ನಿಲ್ಲುವ ಬೇರುಗಳಿರುತ್ತವೆ.

ಮನುಷ್ಯನ ಹೆಜ್ಜೆ ಬೀಳುವುದು ಈ ತೆಳು ಪದರದ ಮೇಲೆಯೇ. ಅದರ ಪರಿಣಾಮಗಳು ಹಂತ ಹಂತವಾಗಿ ಕಾಣಿಸಿಕೊಳ್ಳುತ್ತವೆ.

ಮೊದಲು ತರಗೆಲೆಗಳ ಹೊದಿಕೆ ಚದುರಿ ಮಣ್ಣು ಬರಿದಾಗುತ್ತದೆ. ಬಳಿಕ ತುಳಿತದಿಂದ ಮಣ್ಣು ಗಟ್ಟಿಯಾಗಿ ಅದರೊಳಗಿನ ಸಣ್ಣ ರಂಧ್ರಗಳು ಮುಚ್ಚಿಹೋಗುತ್ತವೆ. ಆಗ ಮಳೆನೀರು ಇಂಗದೆ ದಾರಿಯ ಮೇಲೆಯೇ ಹರಿಯತೊಡಗುತ್ತದೆ. ಇಳಿಜಾರಿನಲ್ಲಿ ಹರಿವ ನೀರು ಮಣ್ಣನ್ನು ಕೊರೆದು ದಾರಿಯನ್ನು ಕಾಲುವೆಯಾಗಿ ಮಾಡುತ್ತದೆ. ಮಣ್ಣು ಹೋದಲ್ಲಿ ಬೇರುಗಳು ಹೊರಬೀಳುತ್ತವೆ. ಸಮತಟ್ಟಾದ ಜಾಗದಲ್ಲಿ ನೀರು ನಿಂತು ಕೆಸರಾಗುತ್ತದೆ. ಕೆಸರನ್ನು ತಪ್ಪಿಸಲು ನಡೆಯುವವರು ಬದಿಗೆ ಸರಿಯುತ್ತಾರೆ. ಸರಿದಲ್ಲಿಯೂ ಮಣ್ಣು ಗಟ್ಟಿಯಾಗಿ ಮತ್ತೆ ಕೆಸರಾಗುತ್ತದೆ; ಮುಂದಿನವರು ಇನ್ನಷ್ಟು ಬದಿಗೆ ಸರಿಯುತ್ತಾರೆ. ಹೀಗೆ ಒಬ್ಬರು ನಡೆಯುವಷ್ಟಿದ್ದ ದಾರಿ ಕೆಲವು ವರ್ಷಗಳಲ್ಲಿ ಹಲವು ಮಡಿ ಅಗಲವಾಗುತ್ತದೆ. ತಿರುವುಗಳನ್ನು ಕತ್ತರಿಸಿ ನೇರವಾಗಿ ಇಳಿಯುವ ಅಡ್ಡದಾರಿಗಳು ಸವಕಳಿಯನ್ನು ಮತ್ತಷ್ಟು ವೇಗಗೊಳಿಸುತ್ತವೆ.

ಹಾನಿ ದಾರಿಯ ಅಗಲಕ್ಕೇ ಸೀಮಿತವಲ್ಲ. ದಾರಿ ಅಗಲವಾದಷ್ಟೂ ಮೇಲಿನ ಎಲೆಚಪ್ಪರ ತೆರೆದು ಬಿಸಿಲು ನೆಲಕ್ಕೆ ಇಳಿಯುತ್ತದೆ. ಗಾಳಿಯಾಡಿ ಅಂಚಿನ ಕಾಡು ಒಣಗುತ್ತದೆ. ನೆರಳಿನಲ್ಲಿ ಬೆಳೆಯಬೇಕಾದ ಸಸಿಗಳು ಸೊರಗಿ, ಬಿಸಿಲನ್ನು ಬಯಸುವ ಕಳೆಗಳು ಹಬ್ಬುತ್ತವೆ. ಅಮೆರಿಕ ಖಂಡದ ಉಷ್ಣವಲಯದಿಂದ ಬಂದ ಕ್ಲಿಡೆಮಿಯಾ ಹಿರ್ಟಾ ಎಂಬ ಪೊದೆ ಸಿಂಗಾಪುರದ ಕಾಡಿನ ಇಂಥ ತೆರಪುಗಳಲ್ಲಿ ಬೇರೂರಿದೆ. ಸಾವಿರಾರು ಚದರ ಕಿಲೋಮೀಟರ್ ಹರಡಿದ ಕಾಡಿನಲ್ಲಿ ಒಂದು ದಾರಿಯ ಅಂಚು ಗಣನೆಗೆ ಬಾರದಿರಬಹುದು. 163 ಹೆಕ್ಟೇರಿನ ಕಾಡಿನಲ್ಲಿ ಅಂಚುಗಳೆಲ್ಲ ಸೇರಿ ಒಳಕಾಡನ್ನೇ ಕಿರಿದಾಗಿಸುತ್ತವೆ.

ರಕ್ಷಣಾ ಕ್ರಮಗಳು

ಬುಕಿತ್ ತಿಮಾ ನಿಸರ್ಗ ಮೀಸಲು ಪ್ರದೇಶವನ್ನು ಇಳಿಜಾರುಗಳ ಮತ್ತು ದಾರಿಗಳ ದುರಸ್ತಿಗಾಗಿ 2014ರ ಸೆಪ್ಟೆಂಬರಿನಲ್ಲಿ ಮುಚ್ಚಲಾಯಿತು. ನಡುವೆ ಶಿಖರದ ಮುಖ್ಯ ದಾರಿಯನ್ನು ವಾರಾಂತ್ಯಗಳಲ್ಲಿ ಭಾಗಶಃ ತೆರೆಯಲಾಗಿತ್ತಾದರೂ, ಪೂರ್ಣವಾಗಿ ಮತ್ತೆ ತೆರೆದದ್ದು 2016ರ ಅಕ್ಟೋಬರಿನಲ್ಲಿ. ಮಣ್ಣು ಕುಸಿಯದಂತೆ ಇಳಿಜಾರುಗಳನ್ನು ಭದ್ರಪಡಿಸುವುದು, ಮೆಟ್ಟಿಲುಗಳನ್ನು ಸರಿಪಡಿಸುವುದು, ಬೇರುಗಳ ಮೇಲೆ ತುಳಿತ ಬೀಳದಂತೆ ಕೆಲವೆಡೆ ಹಲಗೆ ಹಾಸುವುದು ಈ ಕಾಮಗಾರಿಯ ಭಾಗವಾಗಿದ್ದವು. ನಗರದ ಜನರಿಗೆ ಬಹುಪ್ರಿಯವಾದ ಬೆಟ್ಟವನ್ನು ಎರಡು ವರ್ಷ ಮುಚ್ಚುವುದು ಸಣ್ಣ ನಿರ್ಧಾರವಾಗಿರಲಿಲ್ಲ.

ಎರಡನೆಯ ಕ್ರಮವೆಂದರೆ ಮೀಸಲು ಕಾಡುಗಳ ಸುತ್ತ ನಿಸರ್ಗ ಉದ್ಯಾನಗಳನ್ನು ಬೆಳೆಸಿದ್ದು. ಡೇರಿ ಫಾರ್ಮ್ (2009), ಚೆಸ್ಟ್‌ನಟ್ (2017), ವಿಂಡ್ಸರ್ (2017), ಥಾಮ್ಸನ್ (2019), ರೈಫಲ್ ರೇಂಜ್ (2022) ಮೊದಲಾದ ಉದ್ಯಾನಗಳು ಹೀಗೆ ತೆರೆದಂಥವು. ಹಳೆಯ ಊರು, ತೋಟ, ಗಣಿಗಳಿದ್ದ ಜಾಗಗಳಲ್ಲಿ ಮರಳಿ ಬೆಳೆದ ಕಾಡೇ ಇವುಗಳಲ್ಲಿ ಹೆಚ್ಚು. ಓಟ, ಬೈಸಿಕಲ್ ಸವಾರಿ, ಕುಟುಂಬಗಳ ವಿಹಾರಗಳನ್ನು ಇತ್ತ ಸೆಳೆದು ಒಳಕಾಡಿನ ಮೇಲಿನ ಭಾರವನ್ನು ಇಳಿಸುವುದು ಇವುಗಳ ಉದ್ದೇಶ.

ಮೂರನೆಯದು ತುಂಡಾದ ಕಾಡನ್ನು ಮತ್ತೆ ಜೋಡಿಸುವ ಪ್ರಯತ್ನ. 1980ರ ದಶಕದಲ್ಲಿ ನಿರ್ಮಾಣವಾದ ಬುಕಿತ್ ತಿಮಾ ಎಕ್ಸ್‌ಪ್ರೆಸ್‌ವೇ ಎಂಬ ಹೆದ್ದಾರಿ ಎರಡು ಮೀಸಲು ಪ್ರದೇಶಗಳನ್ನು ಬೇರ್ಪಡಿಸಿತು. ರಸ್ತೆ ದಾಟಲು ಹೋದ ಪ್ರಾಣಿಗಳು ವಾಹನಗಳಿಗೆ ಸಿಕ್ಕಿ ಸಾಯುತ್ತಿದ್ದವು. 2013ರಲ್ಲಿ ಈ ಹೆದ್ದಾರಿಯ ಮೇಲೆ ಮಣ್ಣು ತುಂಬಿ ಮರಗಿಡ ನೆಟ್ಟ 62 ಮೀಟರ್ ಉದ್ದದ ಸೇತುವೆಯನ್ನು ಕಟ್ಟಲಾಯಿತು. 'ಇಕೋ-ಲಿಂಕ್' ಎಂದು ಹೆಸರಾದ ಇದರ ಅತಿ ಕಿರಿದಾದ ಭಾಗವೇ 50 ಮೀಟರ್ ಅಗಲವಿದೆ. ಇದು ಪ್ರಾಣಿಗಳಿಗೆ ಮೀಸಲು, ಚಾರಣಿಗರ ಮಾರ್ಗವಲ್ಲ.

ಚಾರಣ ಮತ್ತು ಓಟ: ದೇಹದ ಮೇಲಿನ ಪರಿಣಾಮ

ಮಳೆಕಾಡಿನಲ್ಲಿ ಓಡುವವರಿಗೆ ಏರಿಗಿಂತ ಹೆಚ್ಚಿನ ಸವಾಲು ತೇವಭರಿತ ಗಾಳಿಯದು. ಓಡುವಾಗ ಸ್ನಾಯುಗಳಲ್ಲಿ ಹುಟ್ಟುವ ಶಾಖವನ್ನು ದೇಹ ಮುಖ್ಯವಾಗಿ ಬೆವರಿನ ಮೂಲಕ ಹೊರಹಾಕುತ್ತದೆ. ದೇಹ ತಂಪಾಗುವುದು ಬೆವರು ಸುರಿಯುವುದರಿಂದಲ್ಲ, ಅದು ಆರುವುದರಿಂದ. ಗಾಳಿಯಲ್ಲಿ ಆಗಲೇ ನೀರಾವಿ ತುಂಬಿದ್ದರೆ ಬೆವರು ಆರದೆ ತೊಟ್ಟಿಕ್ಕುತ್ತದೆ. ದೇಹದ ಶಾಖ ಒಳಗೇ ಉಳಿಯುತ್ತದೆ. ಮರಗಳ ನೆರಳು ಬಿಸಿಲನ್ನು ತಡೆದರೂ ಗಾಳಿಯ ಚಲನೆಯನ್ನೂ ತಡೆಯುವುದರಿಂದ ಈ ತೊಂದರೆ ನೆರಳಿನಲ್ಲಿಯೂ ತಪ್ಪುವುದಿಲ್ಲ. ತಲೆಸುತ್ತು, ವಾಕರಿಕೆ, ಸ್ನಾಯುಗಳ ಸೆಳೆತ, ಗೊಂದಲದ ಮಾತು ಇವು ಶಾಖಾಘಾತದ ಮುನ್ಸೂಚನೆಗಳಾಗಿರಬಹುದು. ಅಂಥ ಸಮಯದಲ್ಲಿ ಓಟ ನಿಲ್ಲಿಸಿ ದೇಹಕ್ಕೆ ನೀರು ಹಾಕಿ ತಣಿಸುವುದು, ತಡಮಾಡದೆ ನೆರವು ಪಡೆಯುವುದು ಅಗತ್ಯ. ತಂಪು ಪ್ರದೇಶಗಳಿಂದ ಬಂದವರ ದೇಹ ಈ ಹವೆಗೆ ಒಗ್ಗಲು ಒಂದೆರಡು ವಾರ ಬೇಕಾಗುತ್ತದೆ.

ರಸ್ತೆಯ ಓಟದ ವೇಗವನ್ನು ಕಾಡಿನ ದಾರಿಯಲ್ಲಿ ನಿರೀಕ್ಷಿಸಲಾಗದು. ಒದ್ದೆಯಾದ ಬೇರು ಮತ್ತು ಹಲಗೆ ಬಹಳ ಜಾರುತ್ತವೆ. ಅನುಭವವುಳ್ಳವರು ಹೆಜ್ಜೆಯನ್ನು ಗಿಡ್ಡವಾಗಿಟ್ಟು, ದೃಷ್ಟಿಯನ್ನು ಕೆಲವು ಹೆಜ್ಜೆ ಮುಂದಿಟ್ಟು, ಬೇರುಗಳ ಮೇಲಲ್ಲದೆ ಅವುಗಳ ನಡುವೆ ಕಾಲಿಡುತ್ತಾರೆ. ಕಿರಿದಾದ ದಾರಿಯಲ್ಲಿ ಚಾರಣಿಗರು ಎದುರಾದಾಗ ಓಟಗಾರರು ವೇಗ ತಗ್ಗಿಸಿ ನಡೆದು ಮುಂದೆ ಹೋಗುವುದು ಸೌಜನ್ಯ. ಅವರನ್ನು ಸುತ್ತಿಹೋಗಲು ದಾರಿಯಿಂದ ಕೆಳಗಿಳಿದರೆ ಅಂಚಿನ ಸಸಿಗಳು ತುಳಿತಕ್ಕೆ ಸಿಗುತ್ತವೆ.

ಸಂದರ್ಶಕರಿಗೆ ನಿಯಮಗಳು

ಮೀಸಲು ಪ್ರದೇಶಗಳ ದಾರಿಗಳು ಬೆಳಿಗ್ಗೆ 7ರಿಂದ ಸಂಜೆ 7ರವರೆಗೆ ತೆರೆದಿರುತ್ತವೆ. ಭೂಮಧ್ಯರೇಖೆಗೆ ಹತ್ತಿರವಾದ್ದರಿಂದ ಇಲ್ಲಿ ಮುಸ್ಸಂಜೆ ಬೇಗ ಮುಗಿದು ಕತ್ತಲಾಗುತ್ತದೆ. ಎಲೆಚಪ್ಪರದ ಕೆಳಗೆ ಇನ್ನೂ ಮೊದಲೇ. ಆದ್ದರಿಂದ ಉದ್ದದ ದಾರಿಗಳನ್ನು ಮಧ್ಯಾಹ್ನದ ಬಳಿಕ ಆರಂಭಿಸುವುದು ಸೂಕ್ತವಲ್ಲ. ಸಾಕುನಾಯಿಗಳಿಗೆ ಮೀಸಲು ಪ್ರದೇಶದೊಳಗೆ ಪ್ರವೇಶವಿಲ್ಲ. ಬೈಸಿಕಲ್‌ಗಳನ್ನು ಅವುಗಳಿಗೆ ಗೊತ್ತುಪಡಿಸಿದ ದಾರಿಗಳಲ್ಲಿ ಮಾತ್ರ ಬಳಸಬೇಕು.

ಕೋತಿಗಳಿಗೆ ಮತ್ತು ಇತರ ವನ್ಯಜೀವಿಗಳಿಗೆ ಆಹಾರ ಕೊಡುವುದು ಅಪರಾಧ. 2020ರ ಜೂನ್‌ನಿಂದ ಜಾರಿಯಲ್ಲಿರುವ ವನ್ಯಜೀವಿ ಕಾಯ್ದೆಯಲ್ಲಿ ಮೊದಲ ಅಪರಾಧಕ್ಕೆ 5,000 ಸಿಂಗಾಪುರ ಡಾಲರ್‌ವರೆಗೆ ದಂಡ ವಿಧಿಸಲು ಅವಕಾಶವಿದೆ. ಮನುಷ್ಯರ ತಿನಿಸಿಗೆ ಒಗ್ಗಿದ ಕೋತಿಗಳು ಕೈಯಲ್ಲಿನ ಚೀಲಗಳನ್ನು ಕಿತ್ತುಕೊಳ್ಳುತ್ತವೆ. ಅವು ಹತ್ತಿರ ಬಂದಾಗ ಕಣ್ಣಲ್ಲಿ ಕಣ್ಣಿಟ್ಟು ನೋಡದೆ, ತಿಂಡಿಯನ್ನು ಹೊರಗೆ ತೆಗೆಯದೆ, ಓಡದೆ ನಿಧಾನವಾಗಿ ಸರಿದುಹೋಗಬೇಕು. ಗುಡುಗು ಕೇಳಿಸಿದೊಡನೆ ಗೋಪುರ, ತೂಗುಸೇತುವೆ ಮತ್ತು ಜಲಾಶಯದ ತೆರೆದ ದಡಗಳಿಂದ ದೂರ ಹೋಗಬೇಕು. ಬಿರುಮಳೆಯ ಸಮಯದಲ್ಲಿ ಮತ್ತು ಅದು ನಿಂತ ಸ್ವಲ್ಪ ಹೊತ್ತಿನವರೆಗೆ ಕೊಂಬೆ ಮುರಿದು ಬೀಳುವ, ಮರ ಉರುಳುವ ಅಪಾಯವಿರುತ್ತದೆ.

ಗುರುತು ಮಾಡಿದ ದಾರಿಯನ್ನು ಬಿಟ್ಟು ಕಾಡಿನೊಳಗೆ ಹೋಗುವುದಕ್ಕೂ ನಿಷೇಧವಿದೆ. ಕೆಸರು ಕಂಡಲ್ಲಿ ಬದಿಗೆ ಸರಿಯದೆ ದಾರಿಯ ನಡುವೆಯೇ ನಡೆಯಬೇಕೆಂಬ ಸೂಚನೆಯ ಅರ್ಥವೂ ಇದೇ. ಕೆಸರಾದ ಪಾದರಕ್ಷೆಯನ್ನು ಮನೆಗೆ ಬಂದು ತೊಳೆದುಕೊಳ್ಳಬಹುದು. ತುಳಿದು ಗಟ್ಟಿಯಾದ ಅಂಚಿನ ಮಣ್ಣಿನಲ್ಲಿ ಮರದ ಸಸಿ ಮತ್ತೆ ಬೇರು ಬಿಡಲು ಹಲವು ವರ್ಷಗಳೇ ಬೇಕಾಗುತ್ತವೆ.